ನರವೃಕಕಥೆಯಲ್ಲಿ ಮೂಲವೂ ಪ್ರಕ್ಷೇಪವೂ

ಇಂಗ್ಲಿಷ್ ಭಾಷೆಯಲ್ಲಿ ‘ವೇರ್‌ವುಲ್ಫ್’ ಎಂಬುದೊಂದು ಹಳೆಯ ಶಬ್ದವುಂಟು. ಅದರ ಪೂರ್ವಪದವಾದ ‘ವೇರ್’ ಎಂಬುದಕ್ಕೆ ಪ್ರಾಚೀನ ಇಂಗ್ಲಿಷಿನಲ್ಲಿ ಪುರುಷನೆಂದರ್ಥ. ಲ್ಯಾಟಿನ್ನಿನ ‘ವಿರ್’ ಶಬ್ದವೂ ಸಂಸ್ಕೃತದ ‘ವೀರ’ ಶಬ್ದವೂ ಇದರ ದಾಯಾದಿಗಳು. ಉತ್ತರಪದವಾದ ‘ವುಲ್ಫ್’ ಎಂಬುದು ಗ್ರೀಕಿನ ‘ಲುಕೋಸ್’, ಸಂಸ್ಕೃತದ ‘ವೃಕ’ ಎಂಬ ಶಬ್ದಗಳೊಡನೆ ಒಂದೇ ಮೂಲದಿಂದ ಹೊರಟುದೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುವರು. ಆದುದರಿಂದ ಈ ಸಮಾಸವನ್ನು ಬಿಡಿಸಿ ಸಂಸ್ಕೃತದಲ್ಲಿ ಜೋಡಿಸಿದರೆ ‘ವೀರವೃಕ’ ಎಂದಾಗುವುದು. ಅರ್ಥವನ್ನು ಹಿಡಿದು ‘ನರವೃಕ’ ಎನ್ನುವುದು ಯುಕ್ತ. ಮನುಷ್ಯನಾಗಿದ್ದು, ಕಾಲವಿಶೇಷದಲ್ಲಿ ತೋಳನಾಗಿ ಮಾರ್ಪಟ್ಟು, ಹಿಂಸೆಯನ್ನೆಸಗಿ, ಮರಳಿ ಮನುಷ್ಯನಾಗತಕ್ಕವನಿಗೆ ಈ ಹೆಸರು ಸಲ್ಲುವುದು.

ಈ ನರವೃಕನ ವಿಷಯವಾಗಿ ಇಂದು ಲೋಕದಲ್ಲಿ ನಾಲ್ಕು ಮಾತುಗಳು ಪ್ರಚುರವಾಗಿವೆ. ಹುಣ್ಣಿಮೆಯ ರಾತ್ರಿಯಲ್ಲಿ ಅವನಿಗೆ ರೂಪಾಂತರವಾಗುವುದೆಂಬುದು ಒಂದು. ಅವನಿಂದ ಕಚ್ಚಿಸಿಕೊಂಡು ಬದುಕಿದವನೂ ನರವೃಕನೇ ಆಗುವನೆಂಬುದು ಎರಡು. ಬೆಳ್ಳಿಯ ಆಯುಧದಿಂದಲ್ಲದೆ ಅವನಿಗೆ ಮರಣವಿಲ್ಲವೆಂಬುದು ಮೂರು. ಅವನ ಮುಂದಿನ ಬಲಿಯಾಗತಕ್ಕವರ ಅಂಗೈಯಲ್ಲಿ ಐದು ಮೂಲೆಯ ನಕ್ಷತ್ರವೊಂದು ಅವನ ಕಣ್ಣಿಗೆ ಕಾಣುವುದೆಂಬುದು ನಾಲ್ಕು. ಇವೆಲ್ಲವೂ ಯೂರೋಪಿನ ಗ್ರಾಮಜನರಲ್ಲಿ ಅನಾದಿಯಿಂದ ನಡೆದುಬಂದ ನಂಬಿಕೆಗಳೆಂದು ಬಹುಮಂದಿ ಭಾವಿಸಿರುವರು. ಇದಕ್ಕೆ ಆಧಾರವಾಗಿ ನಾಲ್ಕು ಸಾಲಿನ ಪದ್ಯವೊಂದನ್ನೂ ಹೇಳುವುದುಂಟು. ಆದರೆ ಆಧಾರಗಳನ್ನು ಕಾಲಾನುಕ್ರಮವಾಗಿ ಜೋಡಿಸಿ ನೋಡಿದಲ್ಲಿ, ಈ ಮಾತುಗಳು ಶಾಸ್ತ್ರವಿಧಿಗಳಂತೆ ಒಂದೆಡೆ ಕೂಡಿಬಂದುದು ೧೯೩೫ರಿಂದ ೧೯೪೫ರವರೆಗಿನ ಹತ್ತು ವರ್ಷಗಳಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಚಲಚ್ಚಿತ್ರ ಸ್ಟುಡಿಯೋಗಳಲ್ಲಿ ಎಂಬುದು ಸ್ಪಷ್ಟವಾಗುವುದು. ಇದಕ್ಕಿಂತಲೂ ಮುಖ್ಯವಾದ ಮಾರ್ಪಾಡು ಇನ್ನೊಂದುಂಟು. ಹಳೆಯ ಕಥೆಗಳಲ್ಲಿ ನರವೃಕನು ಪ್ರಾಯಿಕವಾಗಿ ಅಪರಾಧಿ; ಚಲಚ್ಚಿತ್ರದಲ್ಲಿ ಅವನು ನಿರಪರಾಧಿ. ಈ ಮಾರ್ಪಾಡು ಯಾವಾಗ, ಯಾರ ಕೈಯಿಂದ, ಯಾವ ಕಾರಣದಿಂದ ಆಯಿತೆಂಬುದನ್ನು ವಿಚಾರಿಸುವುದೇ ಇಲ್ಲಿಯ ಪ್ರಯೋಜನ.

೧. ಪ್ರಾಚೀನ ಆಧಾರಗಳು

ಕ್ರಿ. ಪೂ. ಐದನೆಯ ಶತಮಾನದ ಗ್ರೀಕ್ ಚರಿತ್ರಕಾರನಾದ ಹೆರೊಡೊಟಸನು, ನ್ಯೂರಿ ಎಂಬ ಜನಾಂಗದವರು ವರ್ಷಕ್ಕೊಮ್ಮೆ ಕೆಲವು ದಿನಗಳ ಮಟ್ಟಿಗೆ ತೋಳಗಳಾಗುವರೆಂಬ ಜನವಾರ್ತೆಯನ್ನು ದಾಖಲಿಸಿ, ತಾನು ಅದನ್ನು ನಂಬುವುದಿಲ್ಲವೆಂದು ಸೇರಿಸಿರುವನು. ರೋಮನ್ ಕವಿಯಾದ ಓವಿಡನ ‘ರೂಪಾಂತರ’ಕಾವ್ಯದಲ್ಲಿ ಆರ್ಕೇಡಿಯದ ದೊರೆ ಲೈಕೇಯನನು ಅತಿಥಿಯಾಗಿ ಬಂದ ದೇವನಿಗೆ ನರಮಾಂಸವನ್ನು ಬಡಿಸಿದ ಪಾಪಕ್ಕಾಗಿ ತೋಳನಾಗುವನು. ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯಲ್ಲಿ ಅದೇ ಆರ್ಕೇಡಿಯದ ವಂಶವೊಂದರ ಕಥೆಯನ್ನು ಹೇಳುವನು: ಚೀಟಿಯೆತ್ತಿ ಆರಿಸಲ್ಪಟ್ಟವನು ತನ್ನ ಬಟ್ಟೆಗಳನ್ನು ಮರಕ್ಕೆ ತೂಗುಹಾಕಿ, ಕೊಳವನ್ನು ಈಜಿ ದಾಟಿ, ಒಂಬತ್ತು ವರ್ಷ ತೋಳನಾಗಿರಬೇಕು, ಆ ಅವಧಿಯಲ್ಲಿ ಮನುಷ್ಯರನ್ನು ಮುಟ್ಟದಿದ್ದರೆ ಪೂರ್ವರೂಪ ಲಭಿಸುವುದು. ಪ್ಲಿನಿಯೂ ಇದನ್ನು ಕಟ್ಟುಕಥೆಯೆಂದೇ ತಳ್ಳಿಹಾಕಿರುವನು. ಪೆಟ್ರೋನಿಯಸನ ‘ಸಟೈರಿಕಾನ್’ ಗ್ರಂಥದಲ್ಲಿ ಬೆಳುದಿಂಗಳಿನಲ್ಲಿ ಗೋರಿಗಳ ನಡುವೆ ಬಟ್ಟೆ ಕಳಚಿ ತೋಳನಾದ ಸೈನಿಕನೊಬ್ಬನ ಕಥೆಯಿದೆ. ತೋಳದ ಕತ್ತಿಗೆ ತಗುಲಿದ ಗಾಯವು ಮರುದಿನ ಸೈನಿಕನ ಕತ್ತಿನಲ್ಲಿ ಕಾಣುವುದು. ಆ ಗಾಯವನ್ನು ಮಾಡಿದ್ದು ಸಾಧಾರಣವಾದ ಈಟಿಯೇ ಹೊರತು ಬೆಳ್ಳಿಯ ಆಯುಧವಲ್ಲವೆಂಬುದು ಗಮನಾರ್ಹ.

ಮಧ್ಯಯುಗಕ್ಕೆ ಬಂದರೆ ಎರಡು ಪ್ರವಾಹಗಳು ಕಾಣುವುವು. ಹನ್ನೆರಡನೆಯ ಶತಮಾನದ ಕವಯಿತ್ರಿ ಮರೀ ದ ಫ್ರಾನ್ಸ್ ರಚಿಸಿದ ‘ಬಿಸ್‌ಕ್ಲಾವ್ರೆ’ ಎಂಬ ಕಥನಕಾವ್ಯದಲ್ಲಿ ನರವೃಕನಾದ ಸಾಮಂತನು ಸಜ್ಜನ. ಅವನ ಬಟ್ಟೆಗಳನ್ನು ಅಡಗಿಸಿ ಅವನು ಮನುಷ್ಯನಾಗದಂತೆ ಮಾಡಿದ ಹೆಂಡತಿಯೇ ದೋಷಿ. ಇದು ಒಂದು ಪ್ರವಾಹ. ಕ್ಷೀಣವಾದುದಾದರೂ ಇದ್ದುದು ನಿಜ. ಎರಡನೆಯದೂ ಪ್ರಬಲವಾದುದೂ ನ್ಯಾಯಸ್ಥಾನಗಳ ಪ್ರವಾಹ. ಜರ್ಮನಿಯ ಕಲೋನ್ ಪಟ್ಟಣದ ಬಳಿಯ ಬೆಡ್‌ಬುರ್ಗ್ ಎಂಬಲ್ಲಿ ೧೫೮೯ರಲ್ಲಿ ಪೀಟರ್ ಸ್ಟುಂಪ್ ಎಂಬವನು ಘೋರವಾಗಿ ವಧಿಸಲ್ಪಟ್ಟನು. ಸೈತಾನನು ಕೊಟ್ಟ ನಡುಪಟ್ಟಿಯನ್ನು ಕಟ್ಟಿಕೊಂಡು ತೋಳನಾಗಿ ಕೊಲೆಗಳನ್ನು ಮಾಡಿದನೆಂಬುದು ಅವನ ಮೇಲಿನ ಆರೋಪ; ಚಿತ್ರಹಿಂಸೆಯ ಭಯದಲ್ಲಿ ಬಂದ ತಪ್ಪೊಪ್ಪಿಗೆಯೇ ಅದಕ್ಕೆ ಸಾಕ್ಷ್ಯ. ಇಲ್ಲಿ ರೂಪಾಂತರವು ಇಚ್ಛಾಪೂರ್ವಕವಾದ ಪಾಪಕರ್ಮ.

ಇದರೊಡನೆ ವೈದ್ಯರ ಮತವೊಂದು ಮೊದಲಿನಿಂದಲೂ ಇತ್ತು. ಏಳನೆಯ ಶತಮಾನದ ಗ್ರೀಕ್ ವೈದ್ಯನಾದ ಪೌಲನು ‘ಲೈಕಾಂತ್ರೊಪಿ’ ಎಂಬುದನ್ನು ಚಿತ್ತವಿಕಾರದ ರೋಗಗಳಲ್ಲಿ ಎಣಿಸಿರುವನು. ೧೬೦೩ರಲ್ಲಿ ಫ್ರಾನ್ಸಿನ ಬೋರ್ಡೋ ನ್ಯಾಯಸ್ಥಾನದ ಮುಂದೆ, ತಾನು ತೋಳನಾಗಿ ಮಕ್ಕಳನ್ನು ತಿಂದೆನೆಂದು ಒಪ್ಪಿಕೊಂಡ ಜಾನ್ ಗ್ರೆನಿಯೇ ಎಂಬ ಹುಡುಗನು ತರಲ್ಪಟ್ಟಾಗ, ನ್ಯಾಯಾಧೀಶರು ಅವನನ್ನು ಸುಡಿಸದೆ, ಬುದ್ಧಿಮಾಂದ್ಯವುಳ್ಳವನೆಂದು ಬಗೆದು ಮಠವೊಂದರಲ್ಲಿ ಆಜೀವ ನಿರ್ಬಂಧದಲ್ಲಿರಿಸಿದರು. ದೇವಶಾಪ, ಸ್ವೇಚ್ಛಾಪಾಪ, ರೋಗ ಎಂಬೀ ಮೂರು ನಿದಾನಗಳನ್ನು ಚಲಚ್ಚಿತ್ರಕಾರರು ಪಿತ್ರಾರ್ಜಿತವಾಗಿ ಪಡೆದರು.

೨. ಮೂಕಚಿತ್ರಗಳು

ನರವೃಕನನ್ನು ಕುರಿತು ಮೊದಲನೆಯದೆಂದು ಎಣಿಸಲ್ಪಡುವ ಚಿತ್ರವು ೧೯೧೩ರಲ್ಲಿ ಹೊರಬಂದ ‘ದಿ ವೇರ್‌ವುಲ್ಫ್’. ಹೆನ್ರಿ ಮ್ಯಾಕ್‌ರೇ ಎಂಬವರು ನಿರ್ದೇಶಿಸಿದ ಎರಡು ರೀಲಿನ ಈ ಮೂಕಚಿತ್ರವನ್ನು ಬೈಸನ್ ಎಂಬ ಸಂಸ್ಥೆಯು ತಯಾರಿಸಿ ಯೂನಿವರ್ಸಲ್ ಸಂಸ್ಥೆಯು ಹಂಚಿತು. ಇದರ ಪ್ರತಿಯು ಈಗ ಉಪಲಬ್ಧವಿಲ್ಲ. ಕಥೆಯು ಅಂದಿನ ಪತ್ರಿಕಾವರದಿಗಳಿಂದ ಮಾತ್ರ ತಿಳಿಯುತ್ತದೆ. ಅಮೆರಿಕದ ಆದಿವಾಸಿಗಳಾದ ನವಾಹೋ ಜನರ ಹೆಂಗಸೊಬ್ಬಳು ಗಂಡನು ತನ್ನನ್ನು ತೊರೆದನೆಂದು ಬಗೆದು ಮಾಟಗಾತಿಯಾಗಿ, ಬಿಳಿಯರ ಮೇಲಿನ ದ್ವೇಷವನ್ನು ಮಗಳಾದ ವಟುಮಾ ಎಂಬವಳಿಗೆ ಎರೆಯುವಳು. ಮಗಳು ತೋಳನ ರೂಪವನ್ನು ತಾಳಿ ಸೇಡು ತೀರಿಸುವಳು. ನಟಿಯ ಚಿತ್ರವನ್ನು ಮೆಲ್ಲನೆ ಕರಗಿಸಿ ಅದರ ಸ್ಥಾನದಲ್ಲಿ ನಿಜವಾದ ತೋಳದ ಚಿತ್ರವನ್ನು ತೋರಿಸಲಾಗಿತ್ತು. ಇಲ್ಲಿ ಚಂದ್ರನ ನಿಯಮವಿಲ್ಲ, ಬೆಳ್ಳಿಯಿಲ್ಲ, ಕಡಿತದ ಸೋಂಕಿಲ್ಲ. ದ್ವೇಷವೇ ರೂಪಾಂತರಕ್ಕೆ ಕಾರಣ. ಇದು ಸ್ವೇಚ್ಛಾಪಕ್ಷಕ್ಕೆ ಸೇರಿದುದು.

೧೯೨೫ರ ‘ವುಲ್ಫ್ ಬ್ಲಡ್’ ಎಂಬ ಚಿತ್ರದ ಪ್ರತಿಯು ಉಳಿದುಬಂದಿದೆ. ಕೆನಡಾದ ಅರಣ್ಯದಲ್ಲಿ ಮರ ಕಡಿಸುವ ಶಿಬಿರದ ಮೇಲ್ವಿಚಾರಕನೊಬ್ಬನು ಗಾಯಗೊಂಡು ರಕ್ತಹೀನನಾದಾಗ, ರಕ್ತ ಕೊಡುವ ಮನುಷ್ಯರು ದೊರೆಯದೆ, ವೈದ್ಯನು ಅವನಿಗೆ ತೋಳದ ರಕ್ತವನ್ನು ಊಡುವನು. ಸುದ್ದಿ ಹಬ್ಬಿ ಕೂಲಿಗಳು ಅವನನ್ನು ಕಂಡು ಹೆದರುವರು; ಕ್ರಮೇಣ ಅವನೂ ತಾನು ತೋಳನಾದೆನೆಂದು ಭ್ರಮಿಸಿ, ಛಾಯಾರೂಪದ ತೋಳಗಳ ಹಿಂಡಿನ ಹಿಂದೆ ಓಡುವನು. ದೇಹವು ಮಾತ್ರ ಮಾರ್ಪಡುವುದೇ ಇಲ್ಲ. ಪೌಲವೈದ್ಯನ ಚಿತ್ತವಿಕಾರವಾದವು ಇಲ್ಲಿ ಚಿತ್ರರೂಪವನ್ನು ತಳೆದಿದೆ ಎನ್ನಬಹುದು. ನಾಯಕನು ನಿರಪರಾಧಿಯಾಗಿರುವುದು ಇಲ್ಲಿಯೇ ಮೊದಲು; ಆದರೆ ಅವನು ಯಾರನ್ನೂ ಕೊಂದು ತಿನ್ನುವುದಿಲ್ಲವಾದ್ದರಿಂದ ಪಾಪಪುಣ್ಯದ ಪ್ರಶ್ನೆಯು ಏಳುವುದಿಲ್ಲ.

೩. ಲಂಡನ್ನಿನ ನರವೃಕ

ವಾಕ್ಚಿತ್ರಗಳ ಯುಗದಲ್ಲಿ ಯೂನಿವರ್ಸಲ್ ಸಂಸ್ಥೆಯು ೧೯೩೧ರಲ್ಲಿ ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಎಂಬ ಎರಡು ಭಯಾನಕ ಚಿತ್ರಗಳಿಂದ ವಿಶೇಷ ಲಾಭವನ್ನು ಪಡೆದು, ೧೯೩೫ರ ಮೇ ತಿಂಗಳಲ್ಲಿ ‘ವೇರ್‌ವುಲ್ಫ್ ಆಫ್ ಲಂಡನ್’ ಎಂಬುದನ್ನು ಹೊರತಂದಿತು. ನಿರ್ದೇಶಕರು ಸ್ಟುಅರ್ಟ್ ವಾಕರ್. ನಾಯಕಪಾತ್ರ ಹೆನ್ರಿ ಹಲ್ ಅವರದು. ಸಸ್ಯಶಾಸ್ತ್ರಜ್ಞನಾದ ಡಾಕ್ಟರ್ ಗ್ಲೆಂಡನ್ ಎಂಬವನು ಚಂದ್ರಪ್ರಕಾಶದಲ್ಲಿ ಮಾತ್ರ ಅರಳುವ ಅಪೂರ್ವಪುಷ್ಪವೊಂದನ್ನು ಅರಸಿ ಟಿಬೆಟ್ಟಿಗೆ ಹೋಗುವನು. ಆ ಕಣಿವೆಗೆ ಹೋಗಬಾರದೆಂದು ವೃದ್ಧ ಪಾದ್ರಿಯೊಬ್ಬನು ಎಚ್ಚರಿಸಿದರೂ ಕೇಳದೆ ಮುಂದುವರಿದು, ನರವೃಕನೊಬ್ಬನಿಂದ ಕಚ್ಚಿಸಿಕೊಳ್ಳುವನು. ಲಂಡನ್ನಿಗೆ ಮರಳಿದ ಮೇಲೆ ಡಾಕ್ಟರ್ ಯೊಗಾಮಿ ಎಂಬ ಅಪರಿಚಿತನು ಬಂದು, ಹುಣ್ಣಿಮೆಯ ರಾತ್ರಿಗಳಲ್ಲಿ ರೂಪಾಂತರವಾಗುವುದೆಂದೂ, ಆ ಪುಷ್ಪವೇ ತಾತ್ಕಾಲಿಕ ಪ್ರತ್ಯೌಷಧವೆಂದೂ ಹೇಳುವನು. ಕಚ್ಚಿದವನೂ ಅವನೇ. ನರವೃಕನು ತಾನು ಅತ್ಯಂತ ಪ್ರೀತಿಸುವುದನ್ನೇ ಕೊಲ್ಲಲು ಹವಣಿಸುವನೆಂಬ ಮಾತೂ ಈ ಚಿತ್ರದಲ್ಲಿ ಬರುವುದು.

ಈ ಚಿತ್ರದ ಒಂದು ದೃಶ್ಯವು ವಿಶೇಷವಾಗಿ ಉಲ್ಲೇಖಾರ್ಹ. ಗ್ಲೆಂಡನ್ನನು ಕಂಬಗಳ ಸಾಲಿನ ಹಿಂದೆ ನಡೆಯುತ್ತಿರುವನು. ಒಂದೊಂದು ಕಂಬದ ಮರೆಯಿಂದ ಹೊರಬಂದಾಗಲೂ ಅವನ ಮುಖದಲ್ಲಿ ಮೃಗಲಕ್ಷಣವು ಮುಂಚಿಗಿಂತ ಹೆಚ್ಚಿರುವುದು. ಕಂಬದ ಮರೆಯಲ್ಲಿ ಚಿತ್ರಣವನ್ನು ನಿಲ್ಲಿಸಿ, ಪ್ರಸಾಧನವನ್ನು ಬದಲಿಸಿ, ಮತ್ತೆ ಮುಂದುವರಿಸಿದ ಚಮತ್ಕಾರವಿದು. ಪ್ರಸಾಧನದ ಹೊಣೆ ಜ್ಯಾಕ್ ಪಿಯರ್ಸ್ ಅವರದು. ಗ್ರೀಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆಹೋದ ಇವರೇ ಫ್ರಾಂಕೆನ್‌ಸ್ಟೈನ್ ಚಿತ್ರದ ರಾಕ್ಷಸನ ಮುಖವನ್ನು ಕಲ್ಪಿಸಿದವರು. ಹಲ್ ಅವರ ಮುಖದ ಮೇಲೆ ರೋಮವು ಸ್ವಲ್ಪವೇ ಇದ್ದು, ನಟನ ಗುರುತು ಮರೆಯಾಗುವುದಿಲ್ಲ; ಈ ನರವೃಕನು ಟೋಪಿಯನ್ನೂ ಮೇಲಂಗಿಯನ್ನೂ ಧರಿಸಿ ಬೀದಿಗೆ ಹೊರಡುವನು.

ಎರಡು ಅಂಶಗಳನ್ನು ಇಲ್ಲಿ ಗುರುತಿಸಬೇಕು. ಹುಣ್ಣಿಮೆಯ ನಿಯಮವೂ ಕಡಿತದ ಸೋಂಕೂ ಈ ಚಿತ್ರದಲ್ಲಿ ಸ್ಪಷ್ಟವಾಗಿ ಇವೆ, ಬೆಳ್ಳಿಯ ನಿಯಮವಿಲ್ಲ. ಗ್ಲೆಂಡನ್ನನು ಪೊಲೀಸ್ ಅಧಿಕಾರಿಯ ಸಾಮಾನ್ಯ ಗುಂಡಿನಿಂದಲೇ ಸತ್ತು, ಸಾಯುವಾಗ ಕೊಂದವನಿಗೆ ಕೃತಜ್ಞತೆಯನ್ನು ಹೇಳುವನು. ಇನ್ನು ದೋಷದ ವಿಷಯ. ಗ್ಲೆಂಡನ್ನನು ದುಷ್ಟನಲ್ಲ, ಆದರೆ ಜ್ಞಾನಲೋಭದಿಂದ ಎಚ್ಚರಿಕೆಯನ್ನು ಮೀರಿದವನು, ಹೆಂಡತಿಯನ್ನು ಅಲಕ್ಷಿಸಿ ಪ್ರಯೋಗಶಾಲೆಯಲ್ಲಿ ಮುಳುಗಿದವನು. ಅವನ ಕಷ್ಟಕ್ಕೆ ಅವನ ಕರ್ಮದಲ್ಲಿ ಎಷ್ಟೋ ಕೆಲವು ಬೇರುಗಳನ್ನು ಹುಡುಕಬಹುದು. ಈ ಬೇರನ್ನೂ ಕಿತ್ತುಹಾಕಿದುದು ಆರು ವರ್ಷಗಳ ತರುವಾಯ ಬಂದ ಚಿತ್ರ.

೪. ೧೯೪೧ರ ಚಿತ್ರವೂ ಅದರ ಕರ್ತೃವೂ

೧೯೪೧ರ ಡಿಸೆಂಬರ್ ೧೨ರಂದು, ಪರ್ಲ್ ಹಾರ್ಬರಿನ ಮೇಲೆ ಜಪಾನೀಯರು ದಾಳಿ ಮಾಡಿದ ಐದು ದಿನಗಳ ಮೇಲೆ, ‘ದಿ ವುಲ್ಫ್ ಮ್ಯಾನ್’ ಬಿಡುಗಡೆಯಾಯಿತು. ನಿರ್ಮಾಣವೂ ನಿರ್ದೇಶನವೂ ಜಾರ್ಜ್ ವ್ಯಾಗ್ನರ್ ಅವರವು; ಚಿತ್ರಕಥೆ ಕರ್ಟ್ ಸಿಯೊಡ್ಮಾಕ್ ಅವರದು. ಮೂಕಚಿತ್ರಗಳ ಪ್ರಖ್ಯಾತ ನಟನ ಮಗನಾದ ಕಿರಿಯ ಲಾನ್ ಚೇನಿ ನಾಯಕ ಲ್ಯಾರಿ ಟಾಲ್ಬಟನಾಗಿಯೂ, ಕ್ಲಾಡ್ ರೇನ್ಸ್ ಅವನ ತಂದೆ ಸರ್ ಜಾನ್ ಆಗಿಯೂ, ರಷ್ಯಾದಿಂದ ಬಂದ ಹಿರಿಯ ನಟಿ ಮರಿಯಾ ಔಸ್ಪೆನ್‌ಸ್ಕಯಾ ಮಲೇವಾ ಎಂಬ ಜಿಪ್ಸಿ ವೃದ್ಧೆಯಾಗಿಯೂ, ಬೆಲಾ ಲುಗೋಸಿ ಅವಳ ಮಗನಾಗಿಯೂ ಅಭಿನಯಿಸಿದರು.

ಕಥಾಸಾರವಿದು. ಬಹುಕಾಲ ಅಮೆರಿಕದಲ್ಲಿದ್ದ ಲ್ಯಾರಿಯು ಅಣ್ಣನ ಮರಣದಿಂದ ವೇಲ್ಸ್ ಪ್ರಾಂತದ ತನ್ನ ಪಿತೃಗೃಹಕ್ಕೆ ಹಿಂದಿರುಗುವನು. ಪುರಾತನ ವಸ್ತುಗಳ ಅಂಗಡಿಯಲ್ಲಿ ಗ್ವೆನ್ ಎಂಬ ತರುಣಿಯನ್ನು ಕಂಡು, ತೋಳನ ತಲೆಯ ಬೆಳ್ಳಿಹಿಡಿಯುಳ್ಳ ಊರೆಗೋಲೊಂದನ್ನು ಕೊಳ್ಳುವನು. ಆ ರಾತ್ರಿ ಜಿಪ್ಸಿಗಳ ಬಿಡಾರದ ಬಳಿ ಹೆಂಗಸೊಬ್ಬಳ ಆರ್ತನಾದವನ್ನು ಕೇಳಿ ಓಡಿಹೋಗಿ, ಅವಳ ಮೇಲೆ ಬಿದ್ದಿದ್ದ ತೋಳವನ್ನು ಅದೇ ಕೋಲಿನಿಂದ ಹೊಡೆದು ಕೊಲ್ಲುವನು; ಅಷ್ಟರಲ್ಲಿ ಅದು ಅವನನ್ನು ಕಚ್ಚಿರುವುದು. ಬೆಳಗಾದಾಗ ತೋಳದ ಸ್ಥಾನದಲ್ಲಿ ಮಲೇವಾಳ ಮಗನ ಹೆಣವಿರುವುದು. ಅನಂತರ ಲ್ಯಾರಿಯು ತಾನೇ ನರವೃಕನಾಗಿ ಕೊಲೆಗೈಯುವನು. ಗ್ವೆನ್ನಳ ಅಂಗೈಯಲ್ಲಿ ನಕ್ಷತ್ರವನ್ನು ಕಂಡು ನಡುಗುವನು. ಕೊನೆಗೆ ಅವಳ ಮೇಲೆ ಬಿದ್ದಾಗ, ಸರ್ ಜಾನನು ಅದೇ ಬೆಳ್ಳಿಹಿಡಿಯ ಕೋಲಿನಿಂದ ಮೃಗವನ್ನು ಹೊಡೆದು ಕೆಡಹುವನು. ಸತ್ತ ಮೃಗದ ಮುಖವು ಮೆಲ್ಲನೆ ತನ್ನ ಮಗನ ಮುಖವಾಗುವುದನ್ನು ತಂದೆಯು ನೋಡುವನು.

ಕಥೆಯ ಸಂಧಿಸ್ಥಾನವನ್ನು ಗಮನಿಸಬೇಕು. ಲ್ಯಾರಿಗೆ ಶಾಪವು ತಗುಲಿದುದು ಪಾಪದಿಂದಲ್ಲ, ಪರೋಪಕಾರದಿಂದ. ಅಬಲೆಯನ್ನು ಕಾಪಾಡಲು ಹೋದುದೇ ಅವನಿಗೆ ಮೃತ್ಯುವಾಯಿತು. ಮಹಾಭಾರತದ ಆದಿಪರ್ವದಲ್ಲಿ ಕಲ್ಮಾಷಪಾದರಾಜನು ರಾಕ್ಷಸಾವಿಷ್ಟನಾಗಿ ವಸಿಷ್ಠನ ಮಕ್ಕಳನ್ನು ತಿನ್ನುವನಷ್ಟೆ. ಅಲ್ಲಿಯಾದರೂ ಇಕ್ಕಟ್ಟಾದ ದಾರಿಯಲ್ಲಿ ಶಕ್ತಿಮುನಿಯನ್ನು ಚಾವಟಿಯಿಂದ ಹೊಡೆದ ಅಪರಾಧವು ಶಾಪಕ್ಕೆ ಮುಂಚೆ ನಡೆದಿರುವುದು. ಮಾಡದ ಕರ್ಮದ ಫಲವು ಬಂದೊದಗುವುದನ್ನು ಶಾಸ್ತ್ರಕಾರರು ‘ಅಕೃತಾಭ್ಯಾಗಮ’ವೆಂಬ ದೋಷವಾಗಿ ಎಣಿಸಿ, ಯಾವ ಸಿದ್ಧಾಂತದಲ್ಲಿ ಅದು ತಲೆದೋರುವುದೋ ಆ ಸಿದ್ಧಾಂತವನ್ನೇ ನಿರಾಕರಿಸುವರು. ಸಿಯೊಡ್ಮಾಕರ ಚಿತ್ರಕಥೆಯು ಆ ದೋಷವನ್ನೇ ಕಥೆಯ ತಳಹದಿಯನ್ನಾಗಿ ಮಾಡಿಕೊಂಡಿತು.

ಇದಕ್ಕೆ ಕರ್ತೃವಿನ ಜೀವನವು ಬೆಳಕನ್ನು ಕೊಡುವುದು. ಸಿಯೊಡ್ಮಾಕರು ೧೯೦೨ರಲ್ಲಿ ಜರ್ಮನಿಯ ಡ್ರೆಸ್ಡನ್ನಿನಲ್ಲಿ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದವರು. ಗಣಿತಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಗ್ರಂಥಕರ್ತರಾದವರು. ೧೯೩೩ರಲ್ಲಿ ನಾಜಿಗಳು ಅಧಿಕಾರಕ್ಕೆ ಬರಲು, ದೇಶವನ್ನು ಬಿಟ್ಟು ಇಂಗ್ಲೆಂಡಿಗೂ, ಅಲ್ಲಿಂದ ೧೯೩೭ರಲ್ಲಿ ಅಮೆರಿಕಕ್ಕೂ ಹೋದರು. ೨೦೦೦ದಲ್ಲಿ ತೀರಿಕೊಂಡ ಇವರು ವಾರ್ಧಕ್ಯದಲ್ಲಿ ತಮ್ಮ ಬಾಳನ್ನು ಆ ನರವೃಕನ ಬಾಳಿಗೆ ಹೋಲಿಸಿ ಮಾತನಾಡಿದ್ದುಂಟು: ಜರ್ಮನಿಯಲ್ಲಿ ಯೆಹೂದ್ಯನಾಗಿರುವುದು ತಾವು ಬಯಸಿ ಪಡೆದ ವಿಧಿಯಾಗಿರಲಿಲ್ಲವೆಂಬುದು ಆ ಮಾತಿನ ತಾತ್ಪರ್ಯ. ಹುಟ್ಟೇ ಅಪರಾಧವೆಂದು ಸಾರಿದ ರಾಜ್ಯದಿಂದ ಓಡಿಬಂದವನಿಗೆ, ಅಪರಾಧವಿಲ್ಲದೆ ದಂಡನೆಗೆ ಗುರಿಯಾಗುವುದು ಕವಿಕಲ್ಪನೆಯಾಗಿರಲಿಲ್ಲ.

ಅವರ ಮೊದಲ ಕರಡಿನಲ್ಲಿ ನಾಯಕನು ನಿಜವಾಗಿ ತೋಳನಾಗುವನೋ ಅಥವಾ ಹಾಗೆಂದು ಭ್ರಮಿಸುವನೋ ಎಂಬುದು ಸಂದಿಗ್ಧವಾಗಿತ್ತೆಂದು ತಿಳಿದುಬರುವುದು. ಪ್ರೇಕ್ಷಕರಿಗೆ ಮೃಗವನ್ನು ಕಣ್ಣಾರೆ ತೋರಿಸಬೇಕೆಂಬ ನಿರ್ಧಾರದಿಂದ ಆ ಸಂದಿಗ್ಧತೆಯು ಹೋಯಿತು. ಆಗ ಪಿಯರ್ಸರ ಕೈಗೆ ಕೆಲಸ ಬಂದಿತು. ಅವರು ಯಾಕ್ ಮೃಗದ ರೋಮವನ್ನು ಚೇನಿಯ ಮುಖಕ್ಕೆ ಸ್ವಲ್ಪಸ್ವಲ್ಪವಾಗಿ ಅಂಟಿಸಿ, ಕಾಸಿದ ಕಬ್ಬಿಣದಿಂದ ಸುಟ್ಟು ಹದಮಾಡಿ, ರಬ್ಬರಿನ ಮೂಗನ್ನು ಕೂಡಿಸಿದರು. ರೂಪಾಂತರವಾದರೋ ಈ ಚಿತ್ರದಲ್ಲಿ ಮುಖ್ಯವಾಗಿ ಕಾಲುಗಳಲ್ಲಿ ತೋರಿಸಲ್ಪಟ್ಟಿದೆ. ಮುಖವು ಮಾರ್ಪಡುವುದು ಕೊನೆಯಲ್ಲಿ, ಮೃಗವು ಮನುಷ್ಯನಾಗುವಾಗ ಮಾತ್ರ. ಮನುಷ್ಯಮುಖವು ಮೃಗಮುಖವಾಗುವುದನ್ನು ಚೇನಿಯ ಮೇಲೆ ಮೊದಲು ತೋರಿಸಿದುದು ೧೯೪೩ರ ಚಿತ್ರದಲ್ಲಿ.

೫. ನಾಲ್ಕು ಲಕ್ಷಣಗಳ ಪರೀಕ್ಷೆ

ಮೊದಲು ಪದ್ಯದ ವಿಚಾರ. ಹೃದಯಶುದ್ಧಿಯುಳ್ಳವನೂ, ದಿನವೂ ಪ್ರಾರ್ಥನೆ ಮಾಡತಕ್ಕವನೂ ಕೂಡ ಋತುವಿಶೇಷದಲ್ಲಿ ತೋಳನಾಗಬಹುದೆಂಬುದು ಅದರ ಅಭಿಪ್ರಾಯ. ಚಿತ್ರದಲ್ಲಿ ಇದನ್ನು ಗ್ವೆನ್ ಹೇಳುವಳು, ಅವಳ ಗೆಳತಿ ಹೇಳುವಳು, ಸರ್ ಜಾನನೂ ಹೇಳುವನು. ಊರಿನವರೆಲ್ಲರಿಗೂ ಬಾಯಿಪಾಠವಾಗಿರುವಂತೆ ತೋರುವುದು. ಇದರ ಮೇಲೆ ಚಿತ್ರದ ಆರಂಭದಲ್ಲಿಯೇ ವಿಶ್ವಕೋಶವೊಂದರ ಪುಟವನ್ನು ತೆರೆದು ‘ಲೈಕಾಂತ್ರೊಪಿ’ ಎಂಬ ಲೇಖವನ್ನು ತೋರಿಸಲಾಗಿದೆ. ಶ್ರುತಿಯಂತೆ ಜನರ ಬಾಯಲ್ಲಿ ಒಂದು, ಶಾಸ್ತ್ರದಂತೆ ಗ್ರಂಥದಲ್ಲಿ ಒಂದು, ಹೀಗೆ ಎರಡು ಪ್ರಮಾಣಗಳನ್ನೂ ಕಥೆಗಾರನೇ ಸೃಷ್ಟಿಸಿದನು. ಈ ಉಪಾಯವು ಎಷ್ಟು ಫಲಿಸಿತೆಂದರೆ, ಪದ್ಯವು ಜರ್ಮನ್ ಜಾನಪದದಿಂದ ಬಂದುದೆಂದು ಜನರು ಬಗೆದಿರುವರೆಂದೂ, ವಾಸ್ತವವಾಗಿ ಅದನ್ನು ಬರೆದವನು ತಾನೇ ಎಂದೂ ಸಿಯೊಡ್ಮಾಕರು ಹೇಳಬೇಕಾಯಿತು.

ಈ ಪದ್ಯಕ್ಕೆ ಪಾಠಾಂತರವೂ ಹುಟ್ಟಿತೆಂಬುದು ಸ್ವಾರಸ್ಯ. ೧೯೪೧ರ ಪಾಠದಲ್ಲಿರುವುದು ಶರತ್ಕಾಲದ ಚಂದ್ರ. ಜೊತೆಗೆ ನಮ್ಮ ವತ್ಸನಾಭಿಯ ಜಾತಿಗೆ ಸೇರಿದ, ತೋಳಗಳಿಗೆ ವಿಷವಿಕ್ಕಲು ಬಳಸುತ್ತಿದ್ದ ಗಿಡವೊಂದು ಹೂಬಿಡುವ ಕಾಲ. ಆ ಚಿತ್ರದಲ್ಲಿ ಹುಣ್ಣಿಮೆಯ ಚಂದ್ರನನ್ನು ತೋರಿಸಿಯೇ ಇಲ್ಲ. ೧೯೪೩ರ ಚಿತ್ರದಲ್ಲಿ ಶರಚ್ಚಂದ್ರನು ಹೋಗಿ ಪೂರ್ಣಚಂದ್ರನು ಬಂದನು. ಒಂದು ಪದದ ಈ ಮಾರ್ಪಾಟಿನಿಂದ ಋತುವಿಗೆ ಸೇರಿದ ಉಪದ್ರವವು ತಿಂಗಳು ತಿಂಗಳಿನ ಉಪದ್ರವವಾಯಿತು. ಹದಿಮೂರನೆಯ ಶತಮಾನದ ಆದಿಯಲ್ಲಿ ಟಿಲ್ಬರಿಯ ಜರ್ವೇಸನು, ಇಂಗ್ಲೆಂಡಿನಲ್ಲಿ ಚಂದ್ರನ ಗತಿಯನ್ನನುಸರಿಸಿ ಮನುಷ್ಯರು ತೋಳಗಳಾಗುವುದುಂಟೆಂದು ಬರೆದಿರುವನು. ಆದುದರಿಂದ ಚಂದ್ರಸಂಬಂಧವು ತೀರ ನಿರ್ಮೂಲವಲ್ಲ. ಆದರೆ ಅದನ್ನು ತಪ್ಪದ ಪಂಚಾಂಗನಿಯಮವನ್ನಾಗಿ ಮಾಡಿದವರು ೧೯೩೫ರ ಮತ್ತು ೧೯೪೩ರ ಚಿತ್ರಕಾರರು.

ಎರಡನೆಯದು ಕಡಿತ. ಲೈಕೇಯನನನ್ನಾಗಲಿ ಬಿಸ್‌ಕ್ಲಾವ್ರೆಯನ್ನಾಗಲಿ ಸ್ಟುಂಪನನ್ನಾಗಲಿ ಯಾರೂ ಕಚ್ಚಿರಲಿಲ್ಲ. ಕಡಿತದಿಂದ ಅಂಟುವ ಗುಣವು ಹುಚ್ಚುನಾಯಿಯ ರೋಗದಲ್ಲಿಯೂ, ರಕ್ತಪಿಶಾಚಿಗಳ ಕಥೆಗಳಲ್ಲಿಯೂ ಕಾಣಬರುವುದು. ೧೯೩೧ರ ‘ಡ್ರಾಕುಲಾ’ ಚಿತ್ರವನ್ನು ಮಾಡಿದ ಸಂಸ್ಥೆಯೇ ನರವೃಕನನ್ನೂ ಚಿತ್ರಿಸಿದುದರಿಂದ ಒಬ್ಬನ ಧರ್ಮವು ಇನ್ನೊಬ್ಬನಿಗೆ ಸಂಕ್ರಮಿಸಿತೆಂದು ಊಹಿಸಲು ಅವಕಾಶವಿದೆ. ವಿಷದ ಆ ಗಿಡವೂ ಅದೇ ಚಿತ್ರದಲ್ಲಿ ಪಿಶಾಚಿಯನ್ನು ತಡೆಯುವ ಸಾಧನವಾಗಿ ಬಂದಿರುವುದು ಈ ಊಹೆಗೆ ಪೋಷಕ.

ಮೂರನೆಯದು ಬೆಳ್ಳಿ. ಸೀಸದ ಗುಂಡಿಗೆ ಜಗ್ಗದ ಮಾಟಗಾತಿಯನ್ನು ಬೆಳ್ಳಿಯ ಗುಂಡಿಗಳಿಂದ ಹೊಡೆಯುವ ಸಂಗತಿಯು ಗ್ರಿಮ್ ಸಹೋದರರ ಕಥಾಸಂಗ್ರಹದಲ್ಲಿದೆ. ಯೂರೋಪಿನ ಜಾನಪದದಲ್ಲಿ ಬೆಳ್ಳಿಗೆ ಇಂಥ ಮಹಿಮೆಯು ಇದ್ದೇ ಇತ್ತು. ೧೭೬೭ರಲ್ಲಿ ಫ್ರಾನ್ಸಿನ ಜೆವೊಡಾನ್ ಸೀಮೆಯ ಕ್ರೂರಮೃಗವನ್ನು ಕೊಂದ ಬೇಟೆಗಾರನು ಬೆಳ್ಳಿಯ ಗುಂಡನ್ನು ಬಳಸಿದನೆಂಬುದನ್ನು ಇದಕ್ಕೆ ಆಧಾರವಾಗಿ ಹೇಳುವರು. ಅದು ಸಮಕಾಲೀನ ದಾಖಲೆಗಳಲ್ಲಿಲ್ಲದೆ ತರುವಾಯದ ಲೇಖಕರು ಸೇರಿಸಿದ ಅಂಶ. ಬೆಳ್ಳಿಯಿಂದಲೇ ನರವೃಕನ ಮರಣವೆಂಬ ವಿಧಿಯನ್ನು ಮಲೇವಾಳ ಬಾಯಿಂದ ಹೇಳಿಸಿದುದು ೧೯೪೧ರ ಚಿತ್ರ.

ನಾಲ್ಕನೆಯದು ನಕ್ಷತ್ರ. ಮುಂದಿನ ಬಲಿಯ ಅಂಗೈಯಲ್ಲಿ ಕಾಣುವ ಚಿಹ್ನೆಯೆಂಬುದು ೧೯೪೧ರ ಚಿತ್ರದ ಸ್ವಂತ ಕಲ್ಪನೆ. ಯೆಹೂದ್ಯರ ಮೇಲೆ ನಾಜಿಗಳು ಹೊರಿಸಿದ ನಕ್ಷತ್ರಚಿಹ್ನೆಯೇ ಇದರ ಮೂಲವೆಂದು ವಿಮರ್ಶಕರಲ್ಲಿ ಕೆಲವರು ಹೇಳುವರು. ಆಕ್ರಾಂತ ಪೋಲೆಂಡಿನಲ್ಲಿ ೧೯೩೯ರ ಅಂತ್ಯದಿಂದಲೂ, ಜರ್ಮನಿಯಲ್ಲಿ ೧೯೪೧ರ ಸೆಪ್ಟೆಂಬರಿನಿಂದಲೂ ಆ ಚಿಹ್ನೆಯು ಕಡ್ಡಾಯವಾಗಿತ್ತಾದ್ದರಿಂದ ಕಾಲದೃಷ್ಟಿಯಿಂದ ವಿರೋಧವಿಲ್ಲ. ಆದರೆ ಯೆಹೂದ್ಯರ ನಕ್ಷತ್ರಕ್ಕೆ ಆರು ಮೂಲೆ, ಚಿತ್ರದ ನಕ್ಷತ್ರಕ್ಕೆ ಐದು. ಐದು ಮೂಲೆಯದು ಯೂರೋಪಿನ ಮಾಂತ್ರಿಕರಲ್ಲಿ ಮೊದಲೇ ಪ್ರಸಿದ್ಧವಾದುದು. ಆದುದರಿಂದ ಚಿಹ್ನೆಯ ಆಕೃತಿಯಲ್ಲಿ ಸಾಮ್ಯವನ್ನು ಸಾಧಿಸುವುದಕ್ಕಿಂತ, ಚಿಹ್ನೆಯುಳ್ಳವರು ಕೊಲೆಗೆ ಗುರಿಯಾಗುವರೆಂಬ ಭಾವದಲ್ಲಿ ಸಾಮ್ಯವನ್ನು ಕಾಣುವುದು ಸಮಂಜಸ.

ಇಲ್ಲಿ ಚಿತ್ರದ ನ್ಯೂನತೆಯೊಂದನ್ನು ಮರೆಮಾಚಬಾರದು. ಶಾಪವು ವೇಲ್ಸಿನ ಹಳ್ಳಿಗೆ ಬಂದುದು ಜಿಪ್ಸಿಗಳ ಬಂಡಿಯೊಡನೆ. ರೋಮಾ ಎಂದು ತಮ್ಮನ್ನು ಕರೆದುಕೊಳ್ಳುವ ಈ ಜನರ ಪೂರ್ವಿಕರು ಭಾರತದಿಂದ ಹೊರಟವರೆಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ಆ ಯುದ್ಧಕಾಲದಲ್ಲಿ ನಾಜಿಗಳು ಯೆಹೂದ್ಯರನ್ನು ಕೊಂದಂತೆಯೇ ಇವರನ್ನೂ ಗುಂಪುಗುಂಪಾಗಿ ಕೊಂದರು. ನಿರ್ದೋಷಿಯ ಮೇಲಿನ ದಂಡನೆಯನ್ನು ಚಿತ್ರಿಸಿದ ನಿರಾಶ್ರಿತನೇ ಶಾಪದ ಮೂಲವನ್ನು ಇನ್ನೊಂದು ಪೀಡಿತ ಜನಾಂಗದ ಬಾಗಿಲಿನಲ್ಲಿಟ್ಟನೆಂಬುದು ವಿಷಾದಕರ. ಆದರೂ ಲ್ಯಾರಿಯ ಮೇಲೆ ಚಿತ್ರದುದ್ದಕ್ಕೂ ಮರುಕವನ್ನು ತೋರುವವಳು ಮಲೇವಾ ಒಬ್ಬಳೇ. ತನ್ನ ಮಗನನ್ನು ಕೊಂದವನನ್ನು ಮಗನಂತೆಯೇ ಕಂಡು, ತಪ್ಪು ಅವನದಲ್ಲವೆಂದು ಅವನ ಹೆಣದ ಮುಂದೆ ಹೇಳುವವಳೂ ಅವಳೇ. ಸಿದ್ಧಾಂತವಾಕ್ಯವನ್ನು ಅವಳ ಬಾಯಲ್ಲಿಟ್ಟುದು ಆ ನ್ಯೂನತೆಯನ್ನು ಕಿಂಚಿತ್ತಾದರೂ ತಗ್ಗಿಸುವುದು.

೬. ಉತ್ತರಕಥೆಗಳು

ಒಮ್ಮೆ ಸತ್ತ ಟಾಲ್ಬಟನನ್ನು ಸಂಸ್ಥೆಯು ಸಾಯಗೊಡಲಿಲ್ಲ. ೧೯೪೩ರ ‘ಫ್ರಾಂಕೆನ್‌ಸ್ಟೈನ್ ಮೀಟ್ಸ್ ದಿ ವುಲ್ಫ್ ಮ್ಯಾನ್’ ಚಿತ್ರವನ್ನೂ ಬರೆದವರು ಸಿಯೊಡ್ಮಾಕರೇ. ಅದರಲ್ಲಿ ಗೋರಿಗಳ್ಳರು ಸಮಾಧಿಯನ್ನು ತೆರೆಯಲು, ಹುಣ್ಣಿಮೆಯ ಬೆಳಕು ಬಿದ್ದು ಅವನು ಎದ್ದುಬರುವನು. ಅಂದಿನಿಂದ ಅವನ ಅನ್ವೇಷಣೆಯು ಬದುಕಿಗಾಗಿ ಅಲ್ಲ, ಮರಣಕ್ಕಾಗಿ. ೧೯೪೪ರ ‘ಹೌಸ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಬೆಳ್ಳಿಯ ನಿಯಮಕ್ಕೆ ಮತ್ತೊಂದು ಉಪನಿಯಮವು ಸೇರಿತು: ಗುಂಡನ್ನು ಹಾರಿಸತಕ್ಕವರು ಅವನನ್ನು ಪ್ರೀತಿಸುವವರಾಗಿರಬೇಕು. ಇಲೋಂಕಾ ಎಂಬ ಜಿಪ್ಸಿ ಹುಡುಗಿಯು ಹಾಗೆಯೇ ಮಾಡಿ ತಾನೂ ಸಾಯುವಳು. ೧೯೪೫ರ ‘ಹೌಸ್ ಆಫ್ ಡ್ರಾಕುಲಾ’ ಚಿತ್ರದಲ್ಲಿ ವೈದ್ಯನೊಬ್ಬನು ಟಾಲ್ಬಟನ ತಲೆಬುರುಡೆಯು ಮೆದುಳನ್ನು ಒತ್ತುತ್ತಿರುವುದೇ ರೋಗದ ಕಾರಣವೆಂದು ಕಂಡು ಚಿಕಿತ್ಸೆ ಮಾಡುವನು; ಹುಣ್ಣಿಮೆಯ ಚಂದ್ರನ ಮುಂದೆ ನಿಂತರೂ ಅವನು ಮನುಷ್ಯನಾಗಿಯೇ ಉಳಿಯುವನು. ಪ್ರಾಚೀನ ವೈದ್ಯರ ಮತವೂ ಬೋರ್ಡೋ ನ್ಯಾಯಾಧೀಶರ ಕರುಣೆಯೂ ಇಲ್ಲಿ ಒಮ್ಮೆ ಗೆದ್ದುವು. ಆದರೆ ೧೯೪೮ರ ಹಾಸ್ಯಚಿತ್ರವೊಂದರಲ್ಲಿ ಯಾವ ವಿವರಣೆಯೂ ಇಲ್ಲದೆ ಅವನಿಗೆ ರೋಗವು ಮರುಕಳಿಸಿತು. ಈ ಐದು ಚಿತ್ರಗಳಲ್ಲಿಯೂ ಟಾಲ್ಬಟನ ಪಾತ್ರವನ್ನು ವಹಿಸಿದವರು ಚೇನಿಯೊಬ್ಬರೇ.

ಇತರ ಸಂಸ್ಥೆಗಳೂ ಸುಮ್ಮನಿರಲಿಲ್ಲ. ೧೯೪೨ರಲ್ಲಿ ‘ದಿ ಅನ್‌ಡೈಯಿಂಗ್ ಮಾನ್‌ಸ್ಟರ್’, ೧೯೪೪ರಲ್ಲಿ ‘ಕ್ರೈ ಆಫ್ ದಿ ವೇರ್‌ವುಲ್ಫ್’ ಮೊದಲಾದುವು ಬಂದುವು. ಇವುಗಳಿಗಿಂತ ವಿಚಾರಾರ್ಹವಾದುದು ಯೂನಿವರ್ಸಲ್ ಸಂಸ್ಥೆಯದೇ ಆದ ೧೯೪೬ರ ‘ಷೀ-ವುಲ್ಫ್ ಆಫ್ ಲಂಡನ್’. ಅದರಲ್ಲಿ ನರವೃಕನೇ ಇಲ್ಲ. ತರುಣಿಯೊಬ್ಬಳು ತನ್ನ ವಂಶಕ್ಕೆ ತೋಳಶಾಪವಿದೆಯೆಂದು ನಂಬಿ, ನಡೆಯುತ್ತಿರುವ ಕೊಲೆಗಳು ತನ್ನವೇ ಎಂದು ಕುಗ್ಗುವಳು. ವಾಸ್ತವವಾಗಿ ಕೊಲೆಗಾರಳು ಅವಳನ್ನು ಸಾಕಿದ ಹೆಂಗಸು. ನಿರಪರಾಧಿಗೆ ಅಪರಾಧಪ್ರಜ್ಞೆಯನ್ನು ಹೊರಿಸುವುದೇ ಇಲ್ಲಿ ನಿಜವಾದ ಕ್ರೌರ್ಯ.

೭. ಉಪಸಂಹಾರ

ಮೇಲಣ ಪರಿಶೀಲನೆಯಿಂದ ಎರಡು ನಿರ್ಣಯಗಳು ಲಭಿಸುವುವು. ಒಂದು: ನರವೃಕನೆಂಬ ಕಲ್ಪನೆಯು ಪ್ರಾಚೀನವೇ ಆದರೂ, ಅವನ ಲಕ್ಷಣಗಳೆಂದು ಇಂದು ಎಣಿಸಲ್ಪಡುವ ನಾಲ್ಕರಲ್ಲಿ ನಕ್ಷತ್ರವು ಸಂಪೂರ್ಣ ನವೀನ, ಚಂದ್ರ, ಬೆಳ್ಳಿ, ಕಡಿತ ಇವು ಬೇರೆಬೇರೆ ಕಡೆಗಳಲ್ಲಿದ್ದುವನ್ನು ಆಯ್ದುತಂದು ನಿಯಮಗಳನ್ನಾಗಿ ಬಿಗಿದುವು. ಗ್ರಂಥಗಳಲ್ಲಿ ಪ್ರಕ್ಷೇಪಗಳು ಸೇರಿಕೊಳ್ಳಲು ಶತಮಾನಗಳು ಹಿಡಿಯುವುದುಂಟು. ಇಲ್ಲಿ ಒಂದೇ ದಶಕವು ಸಾಕಾಯಿತು, ಮತ್ತು ಪ್ರಕ್ಷೇಪಕಾರನು ಬದುಕಿರುವಾಗಲೇ ಜನರು ಅವನ ಪದ್ಯವನ್ನು ಪುರಾತನವೆಂದರು. ೧೯೬೧ರಲ್ಲಿ ಇಂಗ್ಲೆಂಡಿನಲ್ಲಿಯೂ, ೧೯೮೧ರಲ್ಲಿ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಎಂಬ ಹೆಸರಿನಿಂದಲೂ, ೨೦೧೦ರಲ್ಲಿ ಹಳೆಯ ಹೆಸರಿನಿಂದಲೇ ಮತ್ತೊಮ್ಮೆಯೂ ಬಂದ ಚಿತ್ರಗಳು ಈ ಸಂಹಿತೆಯೊಡನೆಯೇ ವ್ಯವಹರಿಸಿದುವು. ಕೆಲವು ವಿಧಿಗಳನ್ನು ಉಳಿಸಿಕೊಂಡುವು, ಕೆಲವನ್ನು ಬಿಟ್ಟುವು.

ಎರಡು: ಪ್ರಕ್ಷೇಪವೆಂದ ಮಾತ್ರಕ್ಕೆ ಅದು ತ್ಯಾಜ್ಯವಲ್ಲ. ಸ್ಟುಂಪನನ್ನು ಚಕ್ರಕ್ಕೆ ಕಟ್ಟಿ ಕೊಂದ ಕಾಲದಲ್ಲಿ, ಮೃಗವೆಂದು ಹೆಸರಾದವನು ಅಪರಾಧಿಯೇ ಆಗಿರಬೇಕೆಂಬುದರಲ್ಲಿ ನೋಡಲು ನೆರೆದವರಿಗೆ ಸಂಶಯವಿರಲಿಲ್ಲ. ೧೯೪೧ರಲ್ಲಿ ಮನುಷ್ಯರನ್ನು ಮೃಗಗಳೆಂದು ಕರೆದು ಕೊಲ್ಲುವುದು ಯೂರೋಪಿನಲ್ಲಿ ಮತ್ತೆ ರಾಜಧರ್ಮವಾಗಿತ್ತು. ಅದೇ ವರ್ಷ, ಆ ರಾಜ್ಯದಿಂದ ತಪ್ಪಿಸಿಕೊಂಡು ಬಂದವನೊಬ್ಬನು, ಸಾಧಾರಣ ಪ್ರೇಕ್ಷಕರ ವಿನೋದಕ್ಕೆಂದು ಎಪ್ಪತ್ತು ನಿಮಿಷಗಳ ಚಿತ್ರವೊಂದನ್ನು ಬರೆಯುವಾಗ, ಮೃಗದ ಮುಖವು ಕರಗಿ ಮಗನ ಮುಖವು ಮೂಡುವಂತೆ ಮಾಡಿದನು. ಕೋಲನ್ನು ಹಿಡಿದು ನಿಂತ ತಂದೆಯು, ತಾನು ಹೊಡೆದುದು ಯಾರನ್ನೆಂದು ಆಗ ಅರಿಯುವನು. ಪ್ರಾಚೀನ ಕಥೆಗಳಲ್ಲಿ ಎಷ್ಟು ಹುಡುಕಿದರೂ ದೊರೆಯದ ಈ ದೃಶ್ಯವೇ ಆ ಪ್ರಕ್ಷೇಪದ ಸಾರಭಾಗ.